ಹವ್ವಾಳ ಮಗ

ಏಳು ಹೊಳೆಗಳಾಚೆಯ ಊರೊಂದರಲ್ಲಿ ಕೊಡೆ ಕಟ್ಟುವವನೊಬ್ಬ ಇದ್ದನಂತೆ. ಒಂದು ದಿನ ಆ ಊರಿನ ಮೇಲೆ ಮುಗಿಲಿಂದ ಬೆಂಕಿ ಬಿತ್ತಂತೆ. ಅವನು ಓಡಿದ. ಮೊದಲನೇ ಹೊಳೆಯ ಅಂಬಿಗ, ದಾಟಿಸುವುದಕ್ಕೆ ಏನು ಕೊಡ್ತೀಯ ಅಂದ, ಇವನು ಕೊಡೆ ಕೊಟ್ಟ. ಎರಡನೇ ಹೊಳೆಗೆ ಚಪ್ಪಲಿ, ಮೂರನೇದಕ್ಕೆ ಅಂಗಿ, ನಾಲ್ಕನೇದಕ್ಕೆ ಬೆರಳಿನ ಉಂಗುರ. ಹೀಗೆ ಕೊಡುತ್ತ ಕೊಡುತ್ತ ಏಳನೇ ಹೊಳೆಗೆ ಬರುವಷ್ಟರಲ್ಲಿ ಅವನ ಹತ್ತಿರ ಹೆಸರೊಂದೇ ಉಳಿದಿತ್ತು. ಅಂಬಿಗ ಅದನ್ನೂ ಇಸಕೊಂಡ. ಆಚೆ ದಡದ ಮರಳಲ್ಲಿ ಯಾರೋ ಬಿಟ್ಟುಹೋದ ಹೆಸರೊಂದು ಬಿದ್ದಿತ್ತು. ಅವನು ಅದನ್ನೆತ್ತಿ, ಮರಳು ಕೊಡವಿ, ತೊಟ್ಟುಕೊಂಡ. ಕಂಕುಳಲ್ಲಿ ಸ್ವಲ್ಪ ಬಿಗಿಯಾಯಿತು.

ನಮ್ಮ ನಾನಿ, ಅಮ್ಮಿಯ ತಾಯಿ ಬಷೀರುನ್ನೀಸಾ, ಕತೆಯನ್ನು ಇಲ್ಲಿಗೆ ನಿಲ್ಲಿಸುತ್ತಿದ್ದಳು. ನಾನು ಆಮೇಲೆ ಅಂದರೆ, “ಆಮೇಲೇನು, ಶ್ರೀರಂಗಪಟ್ಟಣಕ್ಕೆ ಬಂದ, ಪೇಟೆ ಬೀದೀಲಿ ಕೊಡೆ ರಿಪೇರಿ ಅಂಗಡಿ ಇಟ್ಟ, ನಂಗೆ ಅಬ್ಬಾ ಆದ. ಮಲಿಕೊ,” ಅನ್ನುತ್ತಿದ್ದಳು.

ಆ ಕತೆ ಕೇಳಿ ನಾನು ಎಷ್ಟೋ ಸಲ ಕಾವೇರಿ ದಂಡೆಯ ಮರಳಲ್ಲಿ ಹೆಸರು ಹುಡುಕಿದ್ದೇನೆ. ಸಿಕ್ಕಿದ್ದು ಬಳೆ ಚೂರು, ಕಪ್ಪೆಚಿಪ್ಪು.

ಹೋದ ಚಳಿಗಾಲದಲ್ಲಿ ನಾನಿ ಹಾಸಿಗೆ ಹಿಡಿದಳು. ಆಗ ಒಂದು ಮಧ್ಯಾಹ್ನ ಕತೆಯಲ್ಲದ್ದನ್ನು ಹೇಳಿದಳು. ಅವಳ ಅಬ್ಬಾನನ್ನು ಊರೆಲ್ಲ ಕೊಡೆ ಅಹಮದ್ ಪಾಷಾ ಅನ್ನುತ್ತಿತ್ತು. ಬರ್ಮಾದಲ್ಲಿ ಯುದ್ಧವಾದಾಗ ನಡೆದುಕೊಂಡು ಬಂದವನು. ಆ ಊರಿನ ವಿಷಯ ಯಾರು ಎತ್ತಿದರೂ ಎದ್ದು ಹೋಗುತ್ತಿದ್ದ. ಸಾಯುವ ಹಿಂದಿನ ದಿನ ಮಾತ್ರ ಮಗಳ ಕೈ ಹಿಡಿದು ಒಂದು ಮಾತು ಹೇಳಿದನಂತೆ: “ಗೋರಿ ಮೇಲೆ ನಿಂತು ನನ್ನನ್ನ ಆ ಹೆಸರಲ್ಲಿ ಕರೀಬೇಡಿ. ಕರೆದ್ರೆ ನಾನು ಏಳಲ್ಲ. ಅವನು ಏಳ್ತಾನೆ.”

ನಮ್ಮಲ್ಲಿ ಮಣ್ಣು ಮಾಡಿದ ಮೇಲೆ ಮಸೀದಿಯ ಹಜ್ರತ್ರು ಗೋರಿಯ ತಲೆದೆಸೆಯಲ್ಲಿ ನಿಂತು ಸತ್ತವರನ್ನು ಹೆಸರು ಹಿಡಿದು ಕರೆಯುತ್ತಾರೆ. ಲೆಕ್ಕ ಕೇಳುವ ದೇವದೂತರು ಬಂದು ಕೇಳಿದಾಗ ಹೀಗೆ ಹೇಳು ಎಂದು ಮಣ್ಣಿನೊಳಗಿರುವವರಿಗೆ ನೆನಪು ಮಾಡಿಕೊಡುವ ಮಾತು ಅದು. ಕರೆಯುವಾಗ ತಂದೆಯ ಹೆಸರು ಸೇರಿಸುವುದಿಲ್ಲ, ತಾಯಿಯದು ಸೇರಿಸುತ್ತಾರೆ. ತಾಯಿಯ ಹೆಸರು ಯಾರಿಗೂ ಗೊತ್ತಿಲ್ಲದಿದ್ದರೆ, ಎಲ್ಲರಿಗೂ ಮೊದಲ ತಾಯಿಯಾದ ಹವ್ವಾಳ ಹೆಸರು. ಬೇರೆ ಹೆಸರು ಗೊತ್ತಿರಲಿಲ್ಲವಾದ್ದರಿಂದ ಅವತ್ತು ಹಜ್ರತ್ರು ‘ಹವ್ವಾಳ ಮಗ ಅಹಮದ್ ಪಾಷಾ’ ಎಂದೇ ಕರೆದರು. ದೂರ ನಿಂತಿದ್ದ ನಾನಿ ಕಿವಿ ಮುಚ್ಚಿಕೊಂಡಳಂತೆ. ಸತ್ತವರಿಗೆ ಸಲ್ಲಲೆಂದು ವರುಷ ವರುಷ ಅನ್ನ ಇಟ್ಟು ಫಾತಿಹಾ ಓದಿಸಿದ್ದೂ ಅದೇ ಹೆಸರಿಗೆ.

“ಐವತ್ತು ವರ್ಷಕ್ಕೆ ಮೇಲಾಯ್ತು,” ಅಂದಳು ನಾನಿ. “ನಾನು ಓದಿಸಿದ್ದೆಲ್ಲ ಯಾರಿಗೆ ಹೋಯ್ತೋ. ಅಬ್ಬಾ ಅಲ್ಲಿ ಬರೀ ಕೈಲಿ ಕೂತವ್ರೋ ಏನೋ. ಸಮ್ಮು, ನಾನು ಸತ್ತ ನಲವತ್ತನೇ ದಿನದ ಫಾತಿಹಾದಲ್ಲಿ ಅವರದ್ದು ಸರಿಯಾದ ಹೆಸರು ಹೇಳಿಸ್ಬೇಕು ನೀನು. ತಾಯಿ ಹೆಸರು ಸೇರಿಸಿ. ಹೇಳಿಸ್ತೀಯ?”

“ಎಲ್ಲಿಂದ ತರಲಿ ನಾನಿ?”

“ನಾನು ಹನ್ನೊಂದು ವರ್ಷದೋಳು. ಮೈಸೂರು ದೊಡ್ಡ ರಾಜ್ಯ ಆಯ್ತು ಅಂತ ಸ್ಕೂಲಲ್ಲಿ ಬೆಲ್ಲ ಹಂಚಿದ್ರು. ಅದಾದ ಮೇಲಿನ ಬೇಸಿಗೇಲಿ ಅಬ್ಬಾ ನನ್ನ ಹಿರೋಡೆಗೆ ಕರ್ಕೊಂಡೋದ್ರು. ಕಚೇರೀಲಿ ಸಾಹೇಬ್ರ ಮುಂದೆ ಕೈ ಎತ್ತಿ ಆಣೆ ಮಾಡಿದ್ರು. ವಾಪಸ್ ಬರ್ತಾ ರೈಲಲ್ಲಿ ಅತ್ತರು. ನಾನು ಪುರಿ ತಿಂತಾ ಕೂತಿದ್ದೆ, ಕೇಳಲಿಲ್ಲ. ಆಮೇಲೆ ಕೇಳೋಕೆ ಭಯ ಆಯ್ತು.”

ನಾನು ಹೇಳಿಸ್ತೀನಿ ಅಂದೆ. ಅದಾದ ಐದನೇ ದಿನ ನಾನಿ ಹೋದಳು. ಅವಳ ತಾಯಿಯ ಹೆಸರು ನಮಗೆಲ್ಲ ಗೊತ್ತಿತ್ತು, ಆ ಮಟ್ಟಿಗೆ ಅವಳು ಪುಣ್ಯವಂತೆ.

ನಾನು ಕೆಲಸ ಮಾಡುವುದು ತಾಲ್ಲೂಕು ಕಚೇರಿಯ ಎದುರಿನ ಪ್ರಮೀಳಕ್ಕನ ಜೆರಾಕ್ಸ್ ಅಂಗಡಿಯಲ್ಲಿ. ಅರ್ಜಿ ಟೈಪು ಮಾಡುತ್ತೇನೆ. ಅಂಗಡಿಯ ಬೆಂಚಿನಲ್ಲಿ ಒಬ್ಬರು ದಿನವೂ ಬಂದು ಕೂರುತ್ತಾರೆ, ದ್ಯಾವಯ್ಯ, ಚಿನಕುರಳಿಯವರು. ಪಾಂಡವಪುರದ ಕಚೇರಿಯಲ್ಲಿ ಮೂವತ್ತು ವರ್ಷ ಹಳೇ ದಾಖಲೆಗಳ ಕೋಣೆ ಕಾದು ನಿವೃತ್ತರಾದವರು. ಯಾವ ಅರ್ಜಿಗೆ ಯಾವ ಕಾಗದ ಲಗತ್ತಿಸಬೇಕು ಎಂದು ಜನಕ್ಕೆ ಹೇಳಿಕೊಡುವುದು ಅವರ ಈಗಿನ ಉದ್ಯೋಗ. ಕ್ವಾರಿಯ ಸಿಡಿತಕ್ಕೆ ತಮ್ಮ ಮನೆಯ ಗೋಡೆ ಬಿರುಕು ಬಿಟ್ಟಿರುವ ಬಗ್ಗೆ ಅವರದೇ ಒಂದು ಅರ್ಜಿ ಎಂಟು ವರ್ಷದಿಂದ ಓಡಾಡುತ್ತಿದೆ.

ನಾನಿಯ ಮಾತು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಹಿರೋಡೆ ಅಂದ್ರೆ ನಮ್ಮ ಪಾಂಡವಪುರವೇ ಕಣವ್ವ. ಆಣೆ ಮಾಡ್ದ ಅಂದ್ರೆ ಪೌರತ್ವದ ಫೈಲೇ ಇರ್ಬೇಕು. ಹೊರದೇಶದೋರು ಈ ದೇಶದ ಪ್ರಜೆ ಆಯ್ತೀನಿ ಅಂತ ಅರ್ಜಿ ಕೊಟ್ಟು ಅಂಗೆ ಆಣೆ ಮಾಡೋರು. ಅದ್ರಲ್ಲಿ ಹುಟ್ಟಿದೂರು, ತಂದೆ ತಾಯಿ ಎಸ್ರು ಎಲ್ಲಾನೂವೆ ಬರ್ಸೋರು. ಯಾವ ವರ್ಸ ಅಂದೆ?”

“ಐವತ್ತೇಳು.”

“ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲಾದ್ರದ್ದೂ ಅಲ್ಲಿಗೇ ಬರೋದು. ಬಾ ಒಂದಿನ, ನೋಡವ.”

ಅಂದು ಸಂಜೆ ಮನೆಯಲ್ಲಿ ನಾನಿಯ ಮಗ ಶೋಯಬ್ ಮಾಮೂಗೆ ಹೇಳಿದೆ. ಮಾಮೂ ಗೂಡ್ಸ್ ಆಟೋ ಓಡಿಸುತ್ತಾನೆ. ತಾತನ ಮೇಲಿನ ಅಭಿಮಾನಕ್ಕೆ ಅದರ ಗಾಜಿನ ಮೇಲೆ ‘ಪಾಷಾ’ ಎಂದು ದೊಡ್ಡದಾಗಿ ಬರೆಸಿದ್ದಾನೆ. ಅವನು ಊಟದ ತಟ್ಟೆ ಸರಿಸಿದ.

“ತಲೆ ನೆಟ್ಟಗದಾ ನಿಂಗೆ? ಜನ ನಾವು ಇಲ್ಲೇ ಹುಟ್ಟಿದೋರು ಅಂತ ತೋರ್ಸೋಕೆ ಕಾಗದ ಹುಡುಕ್ತಾವ್ರೆ. ನೀನು ನಮ್ಮ ತಾತ ಹೊರಗ್ನೋನು ಅಂತ ತೋರ್ಸೋಕೆ ಹೊಂಟಿದೀಯ.”

“ಹೆಸರು ನೋಡ್ಕೊಂಡು ಬರ್ತೀನಿ ಮಾಮೂ, ಅಷ್ಟೇ.”

“ಅಮ್ಮಿಜಾನ್‌ಗೆ ಕೊನೇಲಿ ಜ್ವರ ತಲೆಗೇರಿತ್ತು. ನಿಂಗೆ ಹುಟ್ಟಿದಾಗಿಂದಲೇ ಏರದೆ.”

ಅಮ್ಮಿ ನಕ್ಕಳು. ಮಾಮೂ ನಗಲಿಲ್ಲ.

ನಾನಿ ಹೋದ ಇಪ್ಪತ್ತೇಳನೇ ದಿನ ನಾನು ದ್ಯಾವಯ್ಯನವರ ಜೊತೆ ಪಾಂಡವಪುರದ ಬಸ್ಸು ಹತ್ತಿದೆ. ದಾಖಲೆಗಳ ಕೋಣೆಯಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು ಮಾಡಿನ ತನಕ ಪೇರಿಸಿದ್ದವು. ಅವಕ್ಕೆ ರುಮಾಲು ಅನ್ನುತ್ತಾರೆ. ಈಗಿನ ಗುಮಾಸ್ತೆ ಅಕ್ಷಿತಾ ನನ್ನ ವಯಸ್ಸಿನವಳು. ಅರ್ಜಿ ತೆಗೆದುಕೊಂಡು, ಹಳೇ ಸೂಚಿ ಪುಸ್ತಕದಲ್ಲಿ ಬೆರಳಿಟ್ಟು ಹುಡುಕಿ, ಅಹಮದ್ ಪಾಷಾ ಹೆಸರಲ್ಲಿ ಏನೂ ಇಲ್ಲ ಅಂದಳು.

“ಎಸ್ರು ಬುಡವ್ವ,” ಅಂದರು ದ್ಯಾವಯ್ಯ. “ಆ ವರ್ಸದ ಪೌರತ್ವದವು ಎಷ್ಟವೆ, ಅದ್ನ ನೋಡು.”

ಇದ್ದದ್ದು ಮೂರೇ. ಒಂದು, ಗಂಡನ ಜೊತೆ ಕರಾಚಿಗೆ ಹೋಗಿ ವಿಧವೆಯಾಗಿ ಹಿಂದಿರುಗಿದ ಕೆ.ಆರ್. ಪೇಟೆಯ ಹೆಣ್ಣುಮಗಳದು. ಇನ್ನೊಂದು, ಬೆಳಗೊಳದ ಹತ್ತಿರ ಕೆಲಸಕ್ಕಿದ್ದ ಒಬ್ಬ ಮೆಕ್ಯಾನಿಕ್‌ನದು. ಮೂರನೆಯದರ ಮೇಲೆ ನೀಲಿ ಶಾಯಿಯಲ್ಲಿ ‘ಹ್ಲಾ ಪೆ ಉರುಫ್ ಅಹಮದ್ ಪಾಷಾ, ಕೊಡೆ ರಿಪೇರಿ, ಶ್ರೀರಂಗಪಟ್ಟಣ’ ಎಂದಿತ್ತು.

ಹ್ಲಾ ಪೆ. ಮನಸ್ಸಿನಲ್ಲೇ ಹೇಳಿಕೊಂಡೆ. ಮರಳಿನಿಂದ ಮುತ್ತು ಎತ್ತಿದಷ್ಟು ಖುಷಿಯಾಯಿತು. ತಂದೆ ಯೂಸುಫ್. ತಾಯಿ ಮಾ ತಿನ್. ಊರು ಬರ್ಮಾದ ಬಸ್ಸೀನ್. ಬೇಕಾದ್ದೆಲ್ಲ ಮೊದಲ ಪುಟದಲ್ಲೇ ಇತ್ತು. ಅಲ್ಲಿಗೇ ಮುಚ್ಚಿಟ್ಟಿದ್ದರೆ ಆಗುತ್ತಿತ್ತು. ನಾನು ಪುಟ ತಿರುಗಿಸಿದೆ. ಒಳಗೆ ಗುಮಾಸ್ತರು ಬರೆದುಕೊಂಡ ಹೇಳಿಕೆ, ಕೆಳಗೆ ಹೆಬ್ಬೆಟ್ಟು.

“ನಮ್ಮ ಊರಿನ ಮೇಲೆ ಬಾಂಬು ಬಿದ್ದು ತಂದೆ ತಾಯಿ ತೀರಿಕೊಂಡರು. ನಾನು ನಾಗಮಂಗಲದ ಕಲಾಯಿ ಕೆಲಸದ ಅಹಮದ್ ಪಾಷಾ ಎಂಬುವರ ಜೊತೆ ನಡೆದು ಹೊರಟೆ. ಅವರು ನನಗೆ ಅನ್ನ ಹಾಕಿದರು. ಪ್ರೋಮ್ ಎಂಬ ಊರು ದಾಟಿದ ಮೇಲೆ ಬೆಟ್ಟದ ದಾರಿಯಲ್ಲಿ ಅವರಿಗೆ ವಾಂತಿಭೇದಿ ಆಯಿತು. ಎರಡು ದಿನ ಹೊತ್ತೆ. ಮೂರನೇ ದಿನ ನನ್ನಿಂದ ಆಗಲಿಲ್ಲ. ಮುಂದಿನ ಗಡಿಯಲ್ಲಿ ಕಾಲರಾ ಚುಚ್ಚುಮದ್ದಿನ ಚೀಟಿ ಇಲ್ಲದವರನ್ನು ಬಿಡುತ್ತಿರಲಿಲ್ಲ. ನನ್ನಲ್ಲಿ ಚೀಟಿ ಇರಲಿಲ್ಲ. ಅವರ ಜೇಬಿನಿಂದ ತೆಗೆದುಕೊಂಡೆ. ತೆಗೆಯುವಾಗ ಅವರು ನನ್ನನ್ನು ನೋಡುತ್ತಿದ್ದರು. ನಾನು ಹೊರಟಾಗ ಅವರಿಗೆ ಉಸಿರಿತ್ತು. ಗಡಿಯಲ್ಲಿ ಚೀಟಿಯ ಹೆಸರು ಕೂಗಿದರು, ಹೂಂ ಅಂದೆ. ಅಂದಿನಿಂದ ಅದೇ ಹೆಸರು. ನಾಗಮಂಗಲದಲ್ಲಿ ಅವರ ಹೆಂಡತಿ ಇದ್ದಾರೆ. ಮೂರು ಸಲ ಬಾಗಿಲ ತನಕ ಹೋಗಿ ಹೇಳಲಾರದೆ ಬಂದಿದ್ದೇನೆ. ಈ ಹೇಳಿಕೆಯನ್ನು ಓದಿ ಹೇಳಿದರು, ಸರಿಯಾಗಿದೆ.”

ಅದರ ಕೆಳಗೆ ಬೇರೆ ಕೈಬರಹ: “ಅರ್ಜಿದಾರನಿಗೆ ಯಾರೂ ನೋಟಿಸು ಕೊಟ್ಟಿರುವುದಿಲ್ಲ. ತಾನಾಗಿ ಬಂದಿರುತ್ತಾನೆ. ನಡತೆ ತೃಪ್ತಿಕರ. ಮಂಜೂರು ಮಾಡಬಹುದು.”

ದ್ಯಾವಯ್ಯ ನನ್ನ ಭುಜದ ಮೇಲಿಂದ ಓದಿದರು. ಆಮೇಲೆ, “ಮೂವತ್ತು ವರ್ಸ ಈ ಗಂಟಿನ ಧೂಳು ಒಡ್ದಿವ್ನಿ,” ಅಂದರು. “ಬಿಚ್ಚಿ ನೋಡಿರ್ಲಿಲ್ಲ. ನಿಂಗೆ ಬೇಕಾದ್ದು ಸಿಕ್ತಲ್ಲ, ನಕಲು ಇಸ್ಕೊಂಡು ಮನೆಗೋಗವ್ವ.”

ನಕಲು ಕೈಗೆ ಬಂದದ್ದು ಮೂವತ್ಮೂರನೇ ದಿನ. ಅದನ್ನು ದಿಂಬಿನ ಕೆಳಗಿಟ್ಟು ಮೂರು ದಿನ ಸುಮ್ಮನಿದ್ದೆ. ನಾನಿ ಕೇಳಿದ್ದು ಒಬ್ಬರ ಹೆಸರು. ಅದು ಸಿಕ್ಕಿತ್ತು. ಆದರೆ ಐವತ್ತು ವರ್ಷ ನಾವು ಓದಿಸಿದ್ದು ಬೆಟ್ಟದ ದಾರಿಯಲ್ಲಿ ಬಿಟ್ಟುಬಂದ ಮನುಷ್ಯನಿಗೆ, ಅದೂ ಅವನಿಗೊಬ್ಬ ತಾಯಿ ಇದ್ದಳೆಂಬುದನ್ನೂ ತಿಳಿಯದೆ. ಈಗ ಫಾತಿಹಾದಿಂದ ಅವನನ್ನು ಸದ್ದಿಲ್ಲದೆ ಇಳಿಸಿ ನಮ್ಮವನನ್ನು ಹತ್ತಿಸಿಬಿಟ್ಟರೆ, ಎರಡನೇ ಸಲ ಬಿಟ್ಟುಬಂದಂತೆ.

ಮೂವತ್ತಾರನೇ ದಿನ ನಾಗಮಂಗಲಕ್ಕೆ ಹೋದೆ. ಬಸ್ಸಿನಲ್ಲಿ ಕೂತು ಒಂದು ಕತೆ ಕಟ್ಟಿದೆ. ಅದರಲ್ಲಿ ಕಲಾಯಿಯವರು ಗೆಳೆಯನ ತೊಡೆಯ ಮೇಲೆ ತಲೆಯಿಟ್ಟು ನೀರು ಕುಡಿದು ಕಣ್ಣು ಮುಚ್ಚಿದರು. ಚೀಟಿಯನ್ನು ತಾವೇ ಎತ್ತಿ ಕೊಟ್ಟರು. ಇಂಥ ಕತೆ ಕಟ್ಟುವುದು ನನಗೆ ಕಷ್ಟವಲ್ಲ, ಹಾಲು ಕುಡಿದಂತೆ ಕಲಿತದ್ದು. ನಾಗಮಂಗಲ ಬರುವಷ್ಟರಲ್ಲಿ ನನಗೇ ಕಣ್ಣೀರು ಬಂದಿತ್ತು.

ಹಿತ್ತಾಳೆ ಪಾತ್ರೆಗಳಿಗೆ ತವರ ಬಳಿಯುವ ಕಲಾಯಿ ಕೆಲಸ ಈಗ ಯಾರೂ ಮಾಡುವುದಿಲ್ಲ. ಆದರೂ ಮಸೀದಿಯ ಹಿಂದೆ ‘ಕಲಾಯಿಯೋರ ಮನೆ’ ಅಂದರೆ ತೋರಿಸಿದರು. ಬಾಗಿಲಲ್ಲಿ ಜಫರ್ ಎಂಬಾತ ಸಿಕ್ಕಿದ. ಬ್ಯಾಟರಿ ಅಂಗಡಿ ಇಟ್ಟಿದ್ದಾನೆ. ಅವನ ದಾದಿ ಸಾಬಿರಾ, ಅಹಮದ್ ಪಾಷಾರ ಒಬ್ಬಳೇ ಮಗಳು, ಎಂಬತ್ತು ದಾಟಿದವರು, ಮಂಚದ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ನಿಮ್ಮ ಅಬ್ಬಾ ವಿಷಯ ದಾದಿ,” ಅಂದೆ. “ಬರ್ಮಾಗೆ ಹೋದೋರು.”

ಸುಣ್ಣದ ಬೆರಳು ನಿಂತಿತು.

“ನಾನು ಹೊಟ್ಟೇಲಿದ್ದಾಗ ಹೋದೋರು,” ಅಂದರು. “ಬದುಕವ್ರೆ ಅನ್ನೋಕೆ ಬಂದ್ಯಾ? ಬದುಕಿದ್ರೆ ನೂರು ಮೇಲಾಗದೆ. ಸತ್ತರು ಅನ್ನೋಕೆ ಬಂದ್ಯಾ? ಅದು ನಮಗೆ ಯಾರೂ ಹೇಳ್ಲಿಲ್ಲ. ಹೇಳಿದ್ರೆ ತಾನೆ ನಮ್ಮಮ್ಮ ಬಳೆ ಒಡೆದು ಕೂರೋದು. ಸಾಯೋಗಂಟ ಕೈ ತುಂಬ ಹಾಕ್ಕೊಂಡಿದ್ರು. ಜನ ನಗೋರು. ಬದುಕಿರೋರಿಗೆ ಫಾತಿಹಾ ಓದಿಸ್ಬಾರ್ದು ಅಂತ ಒಂದಿನಾನೂ ಓದಿಸ್ಲಿಲ್ಲ.”

ಜಫರ್ ಚಹಾ ತಂದಿಟ್ಟ. ನಾನು ಕಾಗದ ತೆಗೆದೆ. ನಾನು ಯಾರ ಮರಿಮಗಳು ಎಂಬುದನ್ನು, ಅವರ ಅಬ್ಬಾ ಬರ್ಮಾದ ದಾರಿಯಲ್ಲೇ ಉಳಿದದ್ದನ್ನು, ಅವರ ಚೀಟಿಯಲ್ಲಿ ನಮ್ಮವನು ಗಡಿ ದಾಟಿದ್ದನ್ನು ಹೇಳಿದೆ. ಕೊಡೆ ರಿಪೇರಿಯವನು ಅಂದ ಕೂಡಲೇ ಸಾಬಿರಾ ದಾದಿ ತಲೆಯೆತ್ತಿದರು.

“ಒಬ್ಬ ಬರ್ತಿದ್ದ. ಸಣ್ಣ ಕಣ್ಣಿನೋನು. ನಮ್ಮನೇಲಿ ಕೊಡೆ ಇಲ್ಲಪ್ಪ ಅಂದ್ರೂ ಹೋಗ್ತಿರ್ಲಿಲ್ಲ, ನಿಂತೇ ಇರೋನು. ಅಮ್ಮ ಒಂದ್ಸಲ ನೀರು ಕೊಟ್ರು. ಲೋಟ ಹಿಡ್ಕೊಂಡ್ನೇ ಹೊರತು ಕುಡೀಲಿಲ್ಲ. ಹುಚ್ಚ ಅಂದ್ಕೊಂಡ್ವಿ.” ಬೆರಳಿನ ಸುಣ್ಣ ಒರೆಸಿಕೊಂಡು ಕೇಳಿದರು: “ಸತ್ತ ಮೇಲೆ ತಗೊಂಡ್ನಾ ಚೀಟಿ, ಮುಂಚೇನೇ ತಗೊಂಡ್ನಾ?”

ಬಸ್ಸಿನಲ್ಲಿ ಕಟ್ಟಿದ ಕತೆ ನಾಲಿಗೆಯ ತುದಿಯಲ್ಲಿತ್ತು. ಆಕೆಯ ಮುಖ ನೋಡಿದೆ. ಎಂಬತ್ತು ವರ್ಷ ಯಾರೂ ಏನೂ ಹೇಳದ ಮುಖ. ನಾನು ಕಾಗದವನ್ನು ಓದಿದೆ, ಒಂದು ಪದ ಬಿಡದೆ. ‘ನೋಡುತ್ತಿದ್ದರು’ ಎಂಬಲ್ಲಿ ನನ್ನ ಸ್ವರ ನಿಂತುಹೋಯಿತು. ‘ಉಸಿರಿತ್ತು’ ಎಂಬುದನ್ನು ಜಫರ್ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಓದಿದ.

ಯಾರೂ ಅಳಲಿಲ್ಲ. ಸಾಬಿರಾ ದಾದಿ ಎಲೆಯನ್ನು ಮಡಿಸಿ ಬಾಯಿಗಿಡದೆ ಪಕ್ಕದಲ್ಲಿಟ್ಟರು.

“ಚಾ ತಗೊಂಡೋಗು ಜಫರ್.”

ಅವನು ನನ್ನ ಮುಂದಿದ್ದ ಲೋಟ ತೆಗೆದುಕೊಂಡು ಹೋದ.

“ಮಾಫ್ ಮಾಡಿ ಅಂತ ಕೇಳೋಕೆ ಬಂದಿದ್ರೆ ಕೇಳ್ಬೇಡ,” ಅಂದರು. “ನೋಡ್ತಾ ಮಲಗಿದ್ದೋರು ಅವರು. ಮಾಡೋದಾದ್ರೆ ಅವರು ಮಾಡ್ಬೇಕು. ನಾನ್ಯಾರು ಮಾಡೋಕೆ.”

“ಕೇಳೋಕೆ ಬಂದಿಲ್ಲ ದಾದಿ. ಇನ್ನು ನಾಲ್ಕು ದಿನಕ್ಕೆ ನಮ್ಮ ನಾನಿದು ನಲವತ್ತು. ಇಷ್ಟು ದಿನ ನಾವು ‘ಹವ್ವಾಳ ಮಗ ಅಹಮದ್ ಪಾಷಾ’ ಅಂತ ಓದಿಸಿದ್ವಿ. ಗೊತ್ತಿಲ್ದೆ.”

ಆಕೆ ನನ್ನನ್ನು ದಿಟ್ಟಿಸಿದರು.

“ವರ್ಷ ವರ್ಷಾನೂ?”

“ಹೂಂ. ವರ್ಷ ವರ್ಷಾನೂ.”

“ನಮ್ಮನೇಲಿ ಒಂದು ಅಗುಳು ಇಡ್ಲಿಲ್ಲ ಅವರಿಗೆ. ಕದ್ದೋನ ಮನೇಲಿ ಇಟ್ರು.” ಎಲೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅಂದರು: “ನಮ್ಮಪ್ಪ ಹವ್ವಾಳ ಮಗ ಅಲ್ಲ. ಜೈತೂನ್ ಬೀ ಮಗ. ಜೈತೂನ್ ಬೀ ಅಂತ ಬರ್ಕೊ. ಮೊದ್ಲು ನಮ್ಮಪ್ಪಂದು ಓದ್ಸು. ಆಮೇಲೆ ನಿಮ್ಮೋನ್ದು ಏನಾದ್ರೂ ಮಾಡ್ಕೊ. ಇನ್ನು ಏಳು.”

ಜಫರ್ ಬಸ್‌ಸ್ಟ್ಯಾಂಡಿನ ತನಕ ಬಂದ. ಬಸ್ಸು ಹೊರಟಾಗ ತಲೆಯನ್ನೂ ಆಡಿಸಲಿಲ್ಲ.

ಮಾಮೂಗೆ ಎಲ್ಲ ಹೇಳಿದೆ. ಅವನು ಹೇಳಿಕೆಯನ್ನು ಎರಡು ಸಲ ಓದಿ, ಆಟೋದ ಹತ್ತಿರ ಹೋಗಿ ಗಾಜಿಗೆ ಬೆನ್ನು ಕೊಟ್ಟು ನಿಂತ.

“ಎರಡು ದಿನ ಹೊತ್ನಂತಲ್ಲ,” ಅಂದ. “ಅದನ್ಯಾಕೆ ಯಾರೂ ಲೆಕ್ಕಕ್ಕೆ ತಗೊಳಲ್ಲ.”

“ನಾನು ತಗೊಂಡಿದೀನಿ ಮಾಮೂ.”

“ಜಮಾತಿನ ಮುಂದೆ ಆ ಬರ್ಮಾ ಹೆಸರು ಹೇಳಿದ್ರೆ ಜನ ಕೇಳ್ತಾರೆ. ಯಾರು, ಯಾಕೆ, ಎಲ್ಲಿಂದ. ಏನು ಹೇಳ್ಲಿ? ನಮ್ಮ ತಾತ ಜೀವ ಇರೋನ ಜೇಬಿಗೆ ಕೈ ಹಾಕ್ದ ಅಂತ್ಲಾ?”

“ಏನೂ ಹೇಳ್ಬೇಡ. ಹೆಸರು ಮಾತ್ರ.”

“ಹೆಸರು ಮಾತ್ರ ಅಂತೆ,” ಅಂದ ಮಾಮೂ. “ಇವಳಿಗೆ ಹೆಸರು ಅಂದ್ರೆ ಹೂವು.”

ನಲವತ್ತನೇ ದಿನ ಮಧ್ಯಾಹ್ನ ಜೊಹರ್ ನಮಾಜಿನ ಮೇಲೆ ಗಂಡಸರು ಮುಂದಿನ ಕೋಣೆಯಲ್ಲಿ ಕೂತರು, ಹೆಂಗಸರು ಪರದೆಯ ಹಿಂದೆ. ಹಜ್ರತ್ರ ಮುಂದೆ ಬಗಾರ ಅನ್ನ, ದಾಲ್ಚಾ, ನಾನಿಗೆ ಇಷ್ಟವಾಗಿದ್ದ ಸಿಹಿ ಕುಂಬಳದ ಹಲ್ವ. ಲೋಬಾನದ ಹೊಗೆ. ನಾನು ಮೂರು ಹೆಸರು ಬರೆದ ಚೀಟಿಯನ್ನು ಬೆಳಿಗ್ಗೆಯೇ ಮಾಮೂ ಕೈಗೆ ಕೊಟ್ಟಿದ್ದೆ. ಅವನು ಅದನ್ನು ಜೇಬಿಗಿಟ್ಟುಕೊಂಡಿದ್ದ.

ಓದು ಮುಗಿಯಿತು. ಹಜ್ರತ್ರು ಕೈ ಎತ್ತುವ ಮುಂಚೆ, “ಯಾರ್ಯಾರಿಗೆ?” ಅಂದರು.

ಮಾಮೂ ಚೀಟಿ ತೆಗೆಯಲಿಲ್ಲ. ಬಾಯಲ್ಲೇ ಹೇಳಿದ. ತಾಯಿಯ ಹೆಸರು ಸೇರಿಸಿ ನಾನಿಯದು ಮೊದಲು. “ಆಮೇಲೆ ಜೈತೂನ್ ಬೀ ಮಗ ಅಹಮದ್ ಪಾಷಾ.”

“ಹವ್ವಾ ಅಂತಿದ್ರಲ್ಲ,” ಅಂದರು ಹಜ್ರತ್ರು.

“ಜೈತೂನ್ ಬೀ.”

“ಗೊತ್ತಾಯ್ತಾ? ಒಳ್ಳೇದಾಯ್ತು.” ಹಜ್ರತ್ರು ಕೈ ಎತ್ತಿದರು. ಎಲ್ಲರ ಕೈಗಳೂ ಎದ್ದವು. ಮಾಮೂ ಮುಂದೆ ಏನೂ ಹೇಳಲಿಲ್ಲ. ತಲೆ ತಗ್ಗಿಸಿ ತನ್ನ ಅಂಗೈಗಳನ್ನೇ ನೋಡುತ್ತಿದ್ದ.

ನಮ್ಮಲ್ಲಿ ಹೆಂಗಸರು ಆ ಹೊತ್ತಿನಲ್ಲಿ ಪರದೆಯೊಳಗಿಂದ ಮಾತಾಡುವುದಿಲ್ಲ. ಅಮ್ಮಿ ನನ್ನ ಸೆರಗು ಹಿಡಿದಳು.

“ಇನ್ನೊಬ್ರು ಅವ್ರೆ ಹಜ್ರತ್,” ಅಂದೆ.

ಕೈಗಳು ಹಾಗೇ ನಿಂತವು.

“ಮಾ ತಿನ್ ಮಗ ಹ್ಲಾ ಪೆ.”

“ಯಾರು?”

ಮತ್ತೆ ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ಚೀನಾದೋನಾ ಅಂದರು, ಒಬ್ಬರು ಕೆಮ್ಮಿ ನಗು ನುಂಗಿದರು. ಹಜ್ರತ್ರು ಮಾಮೂ ಕಡೆ ನೋಡಿ, “ನಿಮ್ಮೋರಾ ಶೋಯಬ್?” ಅಂದರು.

ಪರದೆಯ ಸಂದಿಯಲ್ಲಿ ನನಗೆ ಮಾಮೂನ ಬೆನ್ನು ಮಾತ್ರ ಕಾಣುತ್ತಿತ್ತು. ಅದು ಅಲುಗಲಿಲ್ಲ. ಬೀದಿಯಲ್ಲಿ ಒಂದು ಟ್ರಾಕ್ಟರು ಹಾದು ಅದರ ಸದ್ದು ದೂರವಾಗುವ ತನಕ ಅವನು ಸುಮ್ಮನಿದ್ದ.

“ನಮ್ಮ ತಾತ,” ಅಂದ.

ಯಾರೂ ಮತ್ತೆ ಕೆಮ್ಮಲಿಲ್ಲ. ಯಾರೂ ಅವನ ಕಡೆ ನೋಡಲೂ ಇಲ್ಲ. ಹಜ್ರತ್ರು ಆ ಹೆಸರನ್ನು ಒಂದು ಸಲ ಮೆಲ್ಲಗೆ ನಾಲಿಗೆಯ ಮೇಲೆ ಹೊರಳಿಸಿ ನೋಡಿದರು, ಸರಿಬರಲಿಲ್ಲ. ಮಾಮೂ ಬಿಡಿಸಿ ಹೇಳಿಕೊಟ್ಟ. ಎರಡನೇ ಸಲ ಅವರು ಜೋರಾಗಿ, ಜೈತೂನ್ ಬೀ ಮಗ ಅಹಮದ್ ಪಾಷಾ, ಮಾ ತಿನ್ ಮಗ ಹ್ಲಾ ಪೆ, ಎಂದರು. ಕೋಣೆ ಆಮೀನ್ ಅಂದಿತು.